ಸೋಸಿದ ನೀರು

ಸೋಮವಾರ, 18 ಆಗಸ್ಟ್ 2025, ಚಿಕ್ಕೋಡಿ

ಬಸದಿಯಲ್ಲಿ ದಶಲಕ್ಷಣ ಪರ್ವಕ್ಕೆ ಇನ್ನು ಹತ್ತು ದಿನ. ಪ್ರತಿ ವರ್ಷ ಒಂದು ನಿಯಮ ಹಿಡಿಯುತ್ತೇನೆ. ಹೋದ ವರ್ಷ ಚಹಾ ಬಿಟ್ಟಿದ್ದೆ. ತಲೆನೋವು ಬಂದು ಮನೆಮಂದಿಯ ಮೇಲೆಲ್ಲ ಸಿಡುಕಿದ್ದೆ.

"ರೂಪಾಲಿ, ಈ ಸಲ ಚಹಾ ಒಂದು ಬಿಡಬ್ಯಾಡ, ಕೈ ಮುಗೀತೇನಿ," ಎಂದರು ನಮ್ಮ ಮನೆಯವರು, ನೇಮಿನಾಥ.

ಹಾಗಾಗಿ ಈ ಸಲದ ನಿಯಮ ಬೇರೆ. ನಡೆದದ್ದನ್ನು ನಡೆದಂತೆ ಬರೆಯುವುದು, ಪರ್ವ ಮುಗಿದು ಎಲ್ಲರಲ್ಲೂ ಕ್ಷಮೆ ಕೇಳುವ ಕ್ಷಮಾವಣಿಯ ದಿನದವರೆಗೆ. ಪರ್ವಕ್ಕೆ ಕಾಯದೆ ಇವತ್ತೇ ಶುರು ಮಾಡಿದ್ದೇನೆ. ಬರೆದಿಡುವಂಥದ್ದು ಇವತ್ತೇ ಬಂದಿದೆ.

ನಿಪ್ಪಾಣಿಯ ಆಸ್ಪತ್ರೆಯಿಂದ ಪತ್ರ. ಅಲ್ಲಿಯ ಸ್ವಚ್ಛತೆಯ ಗುತ್ತಿಗೆ ನಮ್ಮದು, ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಮುಂದುವರಿಯಬೇಕಾದರೆ ಹದಿನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು ಸೆಪ್ಟೆಂಬರ್ ನಾಲ್ಕರೊಳಗೆ ಕೊಡಬೇಕಂತೆ. ನಿಮ್ಮಲ್ಲಾಗಲಿ, ನಿಮಗೆ ಸಾಮಾನು ಪೂರೈಸುವವರಲ್ಲಾಗಲಿ ಯಾರನ್ನಾದರೂ ಒತ್ತಾಯದಿಂದ ದುಡಿಸಲಾಗುತ್ತಿದೆಯೇ ಎಂಬುದು ಎಲ್ಲ ಪ್ರಶ್ನೆಗಳ ಸಾರ. ನನ್ನ ಬಳಿ ಇರುವ ಹನ್ನೆರಡು ಹೆಣ್ಣುಮಕ್ಕಳಲ್ಲಿ ಎಂಟು ಮಂದಿಗೆ ಆ ಆಸ್ಪತ್ರೆಯೇ ಕೆಲಸ.

ಉತ್ತರ ಸುಲಭ. ಇರುವೆ ಸಾಲು ಕಂಡರೆ ಪೊರಕೆ ಎತ್ತಿ ಹಿಡೀರಿ ಎಂದು ಹೇಳುವವಳು ನಾನು. ನಮ್ಮಲ್ಲಿ ಜೀತ ಎಲ್ಲಿಂದ ಬರಬೇಕು?

ಬುಧವಾರ, 20 ಆಗಸ್ಟ್

ಬೆಳಗ್ಗೆ ಏಳಕ್ಕೆ ಎಲ್ಲರೂ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ. ಬಕೆಟ್, ಪೊರಕೆ, ಫಿನೈಲ್ ಹಂಚಿದ ಮೇಲೆ ಟಂಟಂ ರಿಕ್ಷಾ ಬರುವವರೆಗೆ ಹತ್ತು ನಿಮಿಷ ಸಿಗುತ್ತದೆ. ಪ್ರಶ್ನೆಗಳನ್ನು ಓದಿ ಕನ್ನಡ, ಮರಾಠಿ ಕೂಡಿಸಿ ಹೇಳಿದೆ. ಏಳನೆಯದು ಹೀಗಿತ್ತು: ಕೆಲಸಗಾರರ ಗುರುತಿನ ಚೀಟಿಗಳನ್ನು ಮಾಲೀಕರು ತಮ್ಮ ಬಳಿ ಇಟ್ಟುಕೊಂಡಿದ್ದಾರೆಯೇ?

ಸಕ್ಕುಬಾಯಿ ನಕ್ಕಳು. ನಮ್ಮಲ್ಲಿ ಎಲ್ಲರಿಗಿಂತ ಹಳಬಳು, ಉಳಿದವರ ಮೇಲೆ ಉಸ್ತುವಾರಿ ಅವಳದೇ. ನಾಲಿಗೆ ಸ್ವಲ್ಪ ಉದ್ದ.

"ಅಕ್ಕಾರ, ಇದನ್ನ ಕೇಳಾಕ ಅವರು ನಿಪ್ಪಾಣಿಯಿಂದ ಕಾಗದ ಯಾಕ ಕಳಿಸ್ಯಾರ? ನಿಮ್ಮ ಕಪಾಟ ತಗದು ನೋಡಿದ್ರ ಆತು."

"ಅದು ಬ್ಯಾರೆ. ಗೇಟ್‌ಪಾಸ್ ಮಾಡ್ಸಾಕ ತಗೊಂಡಿದ್ದೆ."

"ಪಾಸ್ ಬಂದು ಎರಡ ವರ್ಷ ಆತ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಸಿಟ್ಟು ಬಂದಿತ್ತು. ಆಸ್ಪತ್ರೆಗೆ ಹೋಗದವರದೂ ಸೇರಿ ಹನ್ನೆರಡು ಜನರ ಆಧಾರ್ ಕಾರ್ಡು, ಕೆಲವರ ರೇಷನ್ ಕಾರ್ಡು ನನ್ನ ಕಪಾಟಿನಲ್ಲಿವೆ, ನಿಜ. ಕೀಲಿ ನನ್ನ ಸೊಂಟದಲ್ಲಿರುತ್ತದೆ. ಇವರ ಮನೆಗಳಲ್ಲಿ ಇಟ್ಟರೆ ಮಳೆಗೆ ನೆನೆಯುತ್ತವೆ, ಇಲಿ ಕಡಿಯುತ್ತದೆ, ಗಂಡಂದಿರು ಎಲ್ಲೋ ಒಯ್ದು ಕಳೆಯುತ್ತಾರೆ. ಇನ್ನೊಂದು ಕಾರಣವೂ ಇದೆ, ನಿಯಮ ಹಿಡಿದಿರುವುದರಿಂದ ಬರೆಯುತ್ತೇನೆ. ಕಾರ್ಡು ನನ್ನಲ್ಲಿದ್ದರೆ ಯಾರೂ ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗುವುದಿಲ್ಲ.

ಏಳನೆಯದಕ್ಕೆ "ಇಲ್ಲ. ಕೆಲವನ್ನು ಸುರಕ್ಷತೆಗಾಗಿ ಜೋಪಾನ ಮಾಡಲಾಗಿದೆ" ಎಂದು ಪೆನ್ಸಿಲಿನಲ್ಲಿ ಬರೆದೆ. ಒಂಬತ್ತನೆಯದು: ಕೆಲಸಗಾರರು ತಮಗೆ ಬೇಕೆಂದಾಗ ಕೆಲಸ ಬಿಟ್ಟು ಹೋಗಬಹುದೇ? "ಹೌದು." ಅದನ್ನು ಪೆನ್ನಿನಲ್ಲೇ ಬರೆದೆ.

ಗುರುವಾರ, 21 ಆಗಸ್ಟ್

ಅಣ್ಣಾಸಾಬರಿಗೆ ಫೋನ್ ಮಾಡಿದೆ. ನಮ್ಮ ಫಿನೈಲ್, ಸೋಪ್ ಆಯಿಲ್, ಪೊರಕೆ ಎಲ್ಲ ರಾಯಬಾಗದ ಆಚೆ ಇರುವ ಅವರ ಶೆಡ್ಡಿನಿಂದ ಬರುತ್ತದೆ. ನನ್ನನ್ನು ಅವರು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ.

"ಸಬ್ ಓಕೆ ಅಂತ ಬರೀರಿ ವೈನಿ. ನೀವು ನೋಡಿದ ಜಾಗಾನ ಐತೆಲ್ಲ."

ನೋಡಿದ್ದು ಹೌದು. ಮೂರು ವರ್ಷದ ಹಿಂದೆ ಇಡೀ ಒಂದು ದಿನ ಅಲ್ಲಿ ನಿಂತು ನೋಡಿದ್ದೆ. ಸೋಪಿಗೆ ಪ್ರಾಣಿಗಳ ಕೊಬ್ಬು ಹಾಕುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿಯೇ ಬಳಸಬೇಕು, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ತಂದ ಬಾವಿಗೇ ಮೆಲ್ಲಗೆ ಮರಳಿ ಬಿಡಬೇಕು ಎಂದು ಷರತ್ತು ಹಾಕಿದೆ. ನಮ್ಮ ಮನೆಯಲ್ಲಿ ಅತ್ತೆಯವರು ಹಾಗೆಯೇ ಮಾಡುತ್ತಿದ್ದರು. "ಹುಳ ಕೊಲ್ಲೂದ ಫಿನೈಲ್‌ನ ಕೆಲಸ, ಅದರ ನೀರು ಸೋಸ್ತಾಳ ನಮ್ಮಾಕಿ!" ಎಂದು ನೇಮಿನಾಥ ಈಗಲೂ ಬಂದವರ ಮುಂದೆ ಹೇಳಿ ನಗುತ್ತಾರೆ. ನಗಲಿ. ಅಣ್ಣಾಸಾಬರು ಒಪ್ಪಿದರು, ನಾನು ಸಾಮಾನು ತರಿಸಲು ಶುರು ಮಾಡಿದೆ.

ಸಾಮಾನು ಪೂರೈಸುವವರ ಬಗೆಗಿನ ಐದೂ ಪ್ರಶ್ನೆಗಳಿಗೆ ಉತ್ತರ ತುಂಬಿದೆ.

ಶನಿವಾರ, 23 ಆಗಸ್ಟ್

ಉಜ್ವಲಾ ನಾಲ್ಕು ದಿನ ರಜೆ ಕೇಳಿದಳು. ಎಂಟು ತಿಂಗಳ ಹಿಂದೆ ಅಣ್ಣಾಸಾಬರ ಶಿಫಾರಸಿನ ಮೇಲೆ ಬಂದ ಹುಡುಗಿ. ಇಪ್ಪತ್ತಮೂರು ವರ್ಷ. ಏಕಸಂಬಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಾಳೆ, ಆಸ್ಪತ್ರೆಯ ಎರಡನೇ ಮಹಡಿ ಇವಳ ಪಾಲಿಗೆ. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ.

"ನನ್ನ ಆಧಾರ್ ಕಾರ್ಡೂ ಬೇಕಾಗಿತ್ರಿ ಅಕ್ಕಾರ."

"ಯಾಕ?"

"ಕೆಲಸ ಐತ್ರಿ."

"ಈಗ ಬ್ಯಾಡ ಬೇ. ಆಸ್ಪತ್ರಿಯವರು ಯಾವಾಗರ ನೋಡಾಕ ಬರಬಹುದು. ನಾಕನೇ ತಾರೀಖು ಆಗಲಿ, ರಜಾನೂ ತಗೋ, ಕಾರ್ಡೂ ಒಯ್ಯಿ."

ಆಯಿತು ಎಂದಳು. ಹೋಗಿ ಬಕೆಟ್ ಎತ್ತಿಕೊಂಡಳು.

ಸೋಮವಾರ, 25 ಆಗಸ್ಟ್

ವಿಶೇಷವಿಲ್ಲ. ಉಜ್ವಲಾ ಬಂದಿದ್ದಳು. ಬಕೆಟ್ ತೆಗೆದುಕೊಂಡು ಎಲ್ಲರಿಗಿಂತ ಮೊದಲು ಟಂಟಂ ಹತ್ತಿದಳು.

ಮಂಗಳವಾರ, 26 ಆಗಸ್ಟ್

ಎಲ್ಲರೂ ಟಂಟಂ ಹತ್ತಿದ ಮೇಲೆ ಸಕ್ಕುಬಾಯಿ ಹಿಂದೆ ಉಳಿದಳು. ಕೂತುಕೋ ಎಂದೆ. ಕೂಡಲಿಲ್ಲ.

"ಆ ಹುಡುಗಿ ಅವ್ವ ಎಲ್ಲಿ ಇರ್ತಾಳ ಗೊತ್ತೈತೇನ್ರಿ ನಿಮಗ?"

"ಊರಾಗ ಇರಬೇಕು."

"ಅಣ್ಣಾಸಾಬನ ಶೆಡ್ಡಿನ್ಯಾಗ ಅದಾಳ್ರಿ. ಸಾರಿಕಾ ಅಂತ. ಮೂರು ವರ್ಷದಿಂದ ಅಲ್ಲೇ ಅದಾಳ. ಹೊರಗ ಬರಾಕ ಬಿಡವಲ್ಲರು."

ಸಕ್ಕುಬಾಯಿ ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಸಾರಿಕಾಳ ಗಂಡ ಅಣ್ಣಾಸಾಬರಲ್ಲಿ ಉಚಲ, ಅಂದರೆ ಮುಂಗಡ, ತೆಗೆದುಕೊಂಡು ಹೆಂಡತಿ ಮಗಳೊಂದಿಗೆ ಅಲ್ಲಿ ಕೆಲಸಕ್ಕೆ ಸೇರಿದ. ಅದೇ ವರ್ಷ ತೀರಿಕೊಂಡ. ತಾಯಿ ಮಗಳು ಬಿಟ್ಟು ಹೋಗುತ್ತೇವೆ ಎಂದಾಗ ಬಿಡಲಿಲ್ಲ. ತಾಯಿಯ ಕಾರ್ಡು, ಫೋನು ಎರಡೂ ಅಣ್ಣಾಸಾಬರ ಟ್ರಂಕಿನಲ್ಲಿ. ಮಗಳು ಹೊರಗೆ ದುಡಿದು ಉಚಲ ತೀರಿಸಲಿ, ತಾಯಿ ಒಳಗಿದ್ದರೆ ಎಲ್ಲೂ ಓಡಿಹೋಗುವುದಿಲ್ಲ ಎಂದು ಉಜ್ವಲಾಳನ್ನು ನಮ್ಮಲ್ಲಿಗೆ ಕಳಿಸಿದ್ದಾರೆ. ಗಣಪತಿ ಕಳಿಸಿದ ಮೇಲೆ ಶೆಡ್ಡಿನ ಜನರನ್ನೆಲ್ಲ ಗಡಿಯ ಆಚೆ ಇನ್ನೊಂದು ಶೆಡ್ಡಿಗೆ ಒಯ್ಯುತ್ತಾರಂತೆ. ಒಯ್ದರೆ ಎಲ್ಲಿ ಎಂದು ಹುಡುಕುವುದು? ಉಜ್ವಲಾ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ ಅರ್ಜಿ ಕೊಡಬೇಕೆಂದಿದ್ದಳು. ಗುರುತಿನ ಚೀಟಿ ಕೇಳುತ್ತಾರೆ ಎಂದು ಯಾರೋ ಹೇಳಿದ್ದರು.

"ನನಗ ಮೊದಲ ಯಾಕ ಹೇಳಲಿಲ್ಲ ಆಕಿ?"

"ನೀವೂ ಅಣ್ಣಾಸಾಬಾನೂ ಒಂದ ಅಂತ ತಿಳ್ಕೊಂಡಾಳ್ರಿ," ಎಂದಳು ಸಕ್ಕುಬಾಯಿ. ಹಾಗೆಂದು ನನ್ನ ಸೊಂಟದ ಕೀಲಿ ನೋಡಿದಳು, ಅಥವಾ ನನಗೆ ಹಾಗೆ ಅನಿಸಿತು.

ನಂಬುವುದಕ್ಕೆ ಆಗುತ್ತಿಲ್ಲ. ಕೇಳಿದ ಮಾತು ಬೇರೆ, ಕಂಡದ್ದು ಬೇರೆ. ಹೋಗಿ ನೋಡಬೇಕು.

ಗುರುವಾರ, 28 ಆಗಸ್ಟ್

ಪರ್ವದ ಮೊದಲ ದಿನ, ಉತ್ತಮ ಕ್ಷಮೆ. ಬಸದಿಯಲ್ಲಿ ಪೂಜೆಗೆ ಕೂತೆ. ಪಂಡಿತರು ಏನು ಹೇಳಿದರೋ ಒಂದೂ ನೆನಪಿಲ್ಲ. ಇಂದಿನಿಂದ ಒಪ್ಪತ್ತು ಊಟ, ನೀರೂ ಆ ಒಂದೇ ಹೊತ್ತು.

ಶುಕ್ರವಾರ, 29 ಆಗಸ್ಟ್

ಸಕ್ಕುಬಾಯಿಯನ್ನು ಕರೆದುಕೊಂಡು ರಾಯಬಾಗದ ಬಸ್ ಹತ್ತಿದೆ. ಹೊಸ ಪೊರಕೆಗಳ ನಮೂನೆ ನೋಡಬೇಕೆಂದು ಅಣ್ಣಾಸಾಬರಿಗೆ ಹೇಳಿದ್ದೆ. ಇದು ಸುಳ್ಳು. ಪರ್ವದಲ್ಲಿ ಹೇಳಿದ್ದು.

ಶೆಡ್ಡಿನ ಸುತ್ತ ಆಳೆತ್ತರದ ತಗಡಿನ ಬೇಲಿ, ಮುಂದೆ ಗೇಟು. ಗೇಟಿಗೆ ಹೊರಗಿನಿಂದ ಬೀಗ ಇತ್ತು. ಮೂರು ವರ್ಷದ ಹಿಂದೆಯೂ ಇತ್ತು. ಆಗ ಕಳ್ಳರ ಭಯಕ್ಕೆ ಎಂದುಕೊಂಡಿದ್ದೆ. ಕಳ್ಳರ ಭಯವಿದ್ದರೆ ಒಳಗೆ ಜನರಿರುವಾಗ ಹೊರಗೆ ಯಾಕೆ ಬೀಗ ಎಂದು ಆಗ ಹೊಳೆದಿರಲಿಲ್ಲ.

ಒಳಗೆ ತೊಟ್ಟಿಯ ಬಳಿ ಒಬ್ಬ ಹೆಂಗಸು ನೀರು ಸೋಸುತ್ತಿದ್ದಳು. ಎರಡು ಪದರದ ಬಿಳಿ ಬಟ್ಟೆ, ಒಂದು ಹನಿಯೂ ಅಂಚಿನಿಂದ ಜಾರದಂತೆ. ನಮ್ಮ ಅತ್ತೆಯವರೂ ಇಷ್ಟು ಚೆನ್ನಾಗಿ ಸೋಸುತ್ತಿರಲಿಲ್ಲ. ಉಜ್ವಲಾಳ ಹಣೆ, ಉಜ್ವಲಾಳ ಮೂಗು. ಹೆಸರು ಕೇಳುವ ಅಗತ್ಯವೇ ಇರಲಿಲ್ಲ.

ಅಣ್ಣಾಸಾಬರು ಫೋನು ಬಂತೆಂದು ಆ ಕಡೆ ಹೋದಾಗ ಹತ್ತಿರ ಹೋದೆ.

"ಇದನ್ನ ಯಾರು ಕಲಿಸಿದ್ರು?"

"ಯಾರೋ ಚಿಕ್ಕೋಡಿ ಬಾಯಾರು ಹೇಳ್ಯಾರಂತ್ರಿ. ದಿನಕ್ಕ ಮೂರು ಸಲ. ಸೋಸಿ ಉಳಿದದ್ದನ್ನ ಬಾವಿಗೆ ಬಿಟ್ಟ ಬರಬೇಕ್ರಿ."

"ಬಾವಿ ಎಲ್ಲೈತಿ?"

"ಗೇಟಿನ ಹೊರಗರಿ. ಅದಕ್ಕಷ್ಟ ಹೊರಗ ಬಿಡ್ತಾರ. ಒಬ್ಬಾಂವ ಹಿಂದ ಬರ್ತಾನ." ಬಟ್ಟೆ ಹಿಂಡದೆ ಮೆಲ್ಲಗೆ ಬಟ್ಟಲಿನಲ್ಲಿ ಅದ್ದಿದಳು. "ಬಾವಿಕಟ್ಟಿ ಮ್ಯಾಲ ಬರೂ ಹೆಣ್ಣಮಕ್ಕಳ ಕೈಯಾಗ ಮಗಳಿಗೆ ಮಾತ ಹೇಳಿ ಕಳಸ್ತೇನ್ರಿ."

ಸಕ್ಕುಬಾಯಿ ನನ್ನ ಕಡೆ ತಿರುಗಿ, ಮೆಲ್ಲಗೆ, ನಗದೆ ಹೇಳಿದಳು: "ನೀರಾಗಿನ ಹುಳಕ್ಕ ತನ್ನ ಬಾವಿ ಮುಟ್ಟಸಾಕ ಆಳ ಅದಾರ ನೋಡ್ರಿ. ಈಕಿನ್ನ ಮುಟ್ಟಸಾಕ ಯಾರೂ ಇಲ್ಲ."

ಆ ಚಿಕ್ಕೋಡಿ ಬಾಯಾರು ನಾನೇ ಎಂದು ಹೇಳಲಿಲ್ಲ.

ಅಣ್ಣಾಸಾಬರು ಬಂದರು. ಕೇಳಿಯೇ ಬಿಟ್ಟೆ, ನಿಮ್ಮ ಕೆಲಸದವರ ಕಾರ್ಡು ಎಲ್ಲಿವೆ ಎಂದು. ಅವರು ಅಡಗಿಸಲೂ ಇಲ್ಲ. ಕುರ್ಚಿಯ ಕೆಳಗಿನ ಟ್ರಂಕನ್ನು ಕಾಲಿನಿಂದ ಮುಟ್ಟಿ ತೋರಿಸಿದರು.

"ಸೇಫ್ ಅದಾವ ವೈನಿ. ನೀವೂ ಇಟ್ಟೀರಲ್ಲ. ಅವ್ವಂದು ನನ್ನ ಕಡೆ, ಮಗಳದು ನಿಮ್ಮ ಕಡೆ. ಇಬ್ಬರದೂ ಒಂದ ಪದ್ಧತಿ." ಚಹಾ ತರಿಸಿದರು. ಒಪ್ಪತ್ತಿನ ವ್ರತ ಎಂದು ನಾನು ಕುಡಿಯಲಿಲ್ಲ. "ಭಾರಿ ನೇಮ ವೈನಿ ನಿಮ್ಮದು," ಎಂದರು.

ಶನಿವಾರ, 30 ಆಗಸ್ಟ್

ಬರೆಯಲು ಆಗದು. ನಿಯಮಕ್ಕಾಗಿ ಈ ಸಾಲು.

ಭಾನುವಾರ, 31 ಆಗಸ್ಟ್

ಬೆಳಗ್ಗೆ ಎಲ್ಲರೂ ಬಂದ ಮೇಲೆ ಕಪಾಟು ತೆಗೆದು, ಒಬ್ಬೊಬ್ಬರ ಹೆಸರು ಕರೆದು ಕಾರ್ಡು ಕೈಗೆ ಕೊಟ್ಟೆ. ತಪ್ಪಾಯಿತು ಎಂದೆ. ಏನು ತಪ್ಪು ಎಂದು ಬಿಡಿಸಿ ಹೇಳದೆ ಖಾಲಿ ಕಪಾಟು ಮುಚ್ಚಿದೆ.

ಇಬ್ಬರು ಕಾರ್ಡು ಮರಳಿ ಕೊಡಲು ಬಂದರು. "ಮನ್ಯಾಗ ಅಂವ ಇಡಗೊಡಂಗಿಲ್ರಿ, ನಿಮ್ಮ ಕಡೆ ಇರಲಿ." ಅದೂ ನಿಜವೇ. ದಾರಿ ತೋರಿಸಿದ್ದು ಸಕ್ಕುಬಾಯಿ.

"ಇಡ್ರಿ, ಆದ್ರ ಕೀಲಿ ನಮ್ಮ ಕಡೆ ಇರಲಿ. ಪೇಟ್ಯಾಗ ಸಣ್ಣ ಸಣ್ಣ ಖಾನೆದ ಕಪಾಟ ಸಿಗ್ತೈತಿ, ಒಂದೊಂದಕ್ಕ ಒಂದೊಂದು ಬೀಗ."

ಸರಿ ಎಂದೆ. ಸಕ್ಕುಬಾಯಿ ತಮ್ಮ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, "ಫೋಟೋದಾಗ ನಾ ಇನ್ನೂ ಹುಡುಗಿ ಅದೇನಿ ನೋಡ್ರಿ," ಎಂದು ಎಲ್ಲರಿಗೂ ತೋರಿಸಿದರು. ಎರಡು ದಿನದಲ್ಲಿ ಮೊದಲ ಸಲ ನಕ್ಕೆ.

ಉಜ್ವಲಾಳನ್ನು ಒಳಗೆ ಕರೆದೆ. ನಾನೇ ನಾಳೆ ಕಚೇರಿಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎನ್ನಲು ಬಾಯಿ ತೆರೆದವಳು ತಡೆದೆ. ಹೆಚ್ಚುಕಮ್ಮಿಯಾದರೆ ಒಳಗಿರುವುದು ಅವಳ ತಾಯಿ, ನನ್ನ ತಾಯಿಯಲ್ಲ.

"ಏನ ಮಾಡೂಣು? ನೀ ಹೇಳು."

ಬಹಳ ಹೊತ್ತು ಕಾರ್ಡನ್ನೇ ನೋಡಿದಳು. "ಅರ್ಜಿ ನನ್ನ ಹೆಸರ್ಲೆ ಇರಲಿ ಅಕ್ಕಾರ. ನೀವು ಬಾಜೂಕ ಕುಂಡ್ರಿ."

ನೇಮಿನಾಥರಿಗೆ ಹೇಳಿದೆ. ಅಣ್ಣಾಸಾಬನ ಕೈ ಉದ್ದ, ನೋಡಿಕೊಂಡು ಹೋಗು ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಕಚೇರಿತನಾ ಗಾಡಿ ಮ್ಯಾಲ ಬಿಡ್ತೇನಿ, ಇಬ್ಬರೂ ತಯಾರಾಗಿರಿ," ಎಂದರು.

ಸೋಮವಾರ, 1 ಸೆಪ್ಟೆಂಬರ್

ಉಪವಿಭಾಗಾಧಿಕಾರಿಗಳ ಕಚೇರಿ. ಹತ್ತೂವರೆಯಿಂದ ಒಂದರವರೆಗೆ ಕೂತೆವು. ಅಧಿಕಾರಿ ಒಳಗೆ ಕರೆದರು. ಉಜ್ವಲಾ ಹೇಳಿದಳು, ಅವರು ಬರೆಸಿಕೊಂಡರು. ಬೀಗ ಯಾವ ಕಡೆಗಿತ್ತು, ಟ್ರಂಕು ಎಲ್ಲಿದೆ, ಒಳಗೆ ಎಷ್ಟು ಜನ ಎಂದು ನನ್ನನ್ನೂ ಕೇಳಿದರು. ಕಂಡದ್ದಷ್ಟನ್ನೇ ಹೇಳಿದೆ. ಕೊನೆಗೆ, "ನೀವು ಆ ಶೆಡ್ಡಿನ ಗಿರಾಕಿ ಎಷ್ಟು ವರ್ಷದಿಂದ?" ಎಂದರು. ಮೂರು ಎಂದೆ. ಅದನ್ನೂ ಬರೆಸಿಕೊಂಡರು.

ಯಾರಿಗೂ ಹೇಳಬೇಡಿ, ಅಲ್ಲಿಗೆ ಫೋನ್ ಮಾಡಬೇಡಿ ಎಂದಿದ್ದಾರೆ. ಆ ಉಚಲಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲವಂತೆ, ತೀರಿಸಬೇಕಾಗಿಲ್ಲ. ಹೊರಗೆ ಬಂದು ಉಜ್ವಲಾ ಅದನ್ನೇ ಮತ್ತೆ ಮತ್ತೆ ಕೇಳಿದಳು. ಬೆಲೆಯಿಲ್ಲ ಅಂದರೆ ಇಲ್ಲವೇ ಇಲ್ಲವೇ? ಇಲ್ಲವೇ ಇಲ್ಲ.

ಮಂಗಳವಾರ, 2 ಸೆಪ್ಟೆಂಬರ್

ಅಣ್ಣಾಸಾಬರ ಫೋನು ಮೂರು ಸಲ. ಎತ್ತಲಿಲ್ಲ. ನಾಲ್ಕನೇ ಸಲ ಸಂದೇಶ: "ಮಾಲು ಬೇಕೋ ಬ್ಯಾಡೋ ವೈನಿ, ಶುಕ್ರವಾರ ಶೆಡ್ ಖಾಲಿ ಮಾಡಾಕತ್ತೇನಿ." ಗಣಪತಿ ಕಳಿಸುವುದು ಶನಿವಾರ, ಇವರು ಒಂದು ದಿನ ಮೊದಲೇ ಹೊರಟಿದ್ದಾರೆ. ಸಂದೇಶವನ್ನು ಹಾಗೆಯೇ ಒಯ್ದು ಕಚೇರಿಯಲ್ಲಿ ತೋರಿಸಿ ಬಂದೆ.

ಉಜ್ವಲಾ ಕೆಲಸಕ್ಕೆ ಬಂದಿದ್ದಳು. ರಜೆ ತಗೋ ಎಂದರೆ, ಸುಮ್ಮನೆ ಕೂತರೆ ಹುಚ್ಚು ಹಿಡೀತೈತ್ರಿ ಎಂದಳು. ಎರಡನೇ ಮಹಡಿಯನ್ನು ಎರಡು ಸಲ ಒರೆಸಿದಳಂತೆ.

ಬುಧವಾರ, 3 ಸೆಪ್ಟೆಂಬರ್

ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಕಚೇರಿಯಿಂದ ಫೋನು. ಅಧಿಕಾರಿಗಳು ಬೆಳಗ್ಗೆಯೇ ಪೊಲೀಸರೊಂದಿಗೆ ಹೋಗಿದ್ದರು. ಐದು ಜನ ಹೊರಗೆ ಬಂದಿದ್ದಾರೆ. ಮೂರು ಹೆಂಗಸರು, ಇಬ್ಬರು ಗಂಡಸರು. ಸಾರಿಕಾ ಅವರೂ ಇದ್ದಾರೆ. ಎಲ್ಲರೂ ಕ್ಷೇಮ. ಟ್ರಂಕು ತೆಗೆಸಿ ಕಾರ್ಡು ಕೊಡಿಸಿದ್ದಾರೆ. ಅಣ್ಣಾಸಾಬರ ಮೇಲೆ ದೂರು ದಾಖಲಾಗಿದೆ.

ಫೋನು ಇಟ್ಟ ಮೇಲೆ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೇಮಿನಾಥ ಓಡಿ ಬಂದರು. "ಏನಾತು? ಏನಾತ ಹೇಳ?" "ಬಂದ್ರು," ಎಂದೆ. "ಬಂದ್ರು, ಐದೂ ಮಂದಿ ಬಂದ್ರು." ಅವರು ಒಳಗೆ ಹೋಗಿ ನೀರು ತಂದರು. ಒಪ್ಪತ್ತು ಎಂದು ನೆನಪಾಗಿ, ತಂಬಿಗೆ ಹಿಡಿದುಕೊಂಡೇ ನಿಂತರು.

ಸಂಜೆ ಚಿಕ್ಕೋಡಿಯ ಕಚೇರಿಯ ಅಂಗಳದಲ್ಲಿ ತಾಯಿ ಮಗಳು ಸೇರಿದರು. ಅಳಲಿಲ್ಲ. ಉಜ್ವಲಾ ತಾಯಿಯ ಕೈ ಹಿಡಿದು ಬೆರಳುಗಳನ್ನು ನೋಡಿದಳು. ಫಿನೈಲಿಗೆ ಚರ್ಮ ಸುಲಿದಿತ್ತು. "ಎಣ್ಣಿ ಹಚ್ಚೂಣು ನಡಿ," ಎಂದಳು. ನಾನು ದೂರ ನಿಂತಿದ್ದೆ. ಏಕಸಂಬಿಯ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಅವರು ಅವಸರ ಮಾಡಲಿಲ್ಲ.

ಎಷ್ಟೋ ದಿನದ ಮೇಲೆ ಎದೆ ಹಗುರಾಗಿದೆ.

ಗುರುವಾರ, 4 ಸೆಪ್ಟೆಂಬರ್

ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಿದೆ, ಪೆನ್ನಿನಲ್ಲಿ ಬರೆದದ್ದನ್ನು ಹೊಡೆದುಹಾಕಿದೆ. ಏಳನೆಯದು: "ಹೌದು. ಎರಡು ವರ್ಷ ಇಟ್ಟುಕೊಂಡಿದ್ದೆ. ಆಗಸ್ಟ್ 31ರಂದು ಮರಳಿಸಿದೆ." ಒಂಬತ್ತನೆಯದು: "ಆವರೆಗೆ ಇಲ್ಲ. ಈಗ ಹೌದು." ಸಾಮಾನು ಪೂರೈಸುವವರ ಬಗ್ಗೆ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದೆ. ನಾನೇ ನಿಪ್ಪಾಣಿಗೆ ಹೋಗಿ ಕೊಟ್ಟೆ.

ಆಸ್ಪತ್ರೆಯ ಆಡಳಿತಾಧಿಕಾರಿ ಶುಭಾಂಗಿ ಮೇಡಂ ನಿಧಾನವಾಗಿ ಓದಿದರು.

"ಲಾಂಡ್ರಿಯವರು, ಕ್ಯಾಂಟೀನಿನವರು, ಎಲ್ಲಾರೂ ಹದಿನಾಕಕ್ಕೂ ಚಲೋ ಉತ್ತರ ಕೊಟ್ಟಾರ್ರಿ. ನೀವೊಬ್ಬರ ಕೆಟ್ಟ ಉತ್ತರ ಬರದೀರಿ."

"ಹೌದ್ರಿ."

"ಅವರನ್ನ ಹ್ಯಾಂಗ ನಂಬೂದು ಅಂತ ಈಗ ನನಗ ಚಿಂತಿ ಹತ್ತಿತು." ನಗುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಸೋಮವಾರ ತಿಳಿಸುತ್ತೇನೆ ಎಂದರು.

ಶನಿವಾರ, 6 ಸೆಪ್ಟೆಂಬರ್

ಅನಂತ ಚತುರ್ದಶಿ. ಪರ್ವ ಮುಗಿಯಿತು. ಬೀದಿಯಲ್ಲಿ ಗಣಪತಿ ಹೋಗುತ್ತಿವೆ, ಡೋಲಿನ ಸದ್ದು. ಖಾನೆಗಳ ಕಪಾಟು ಬಂತು. ಹನ್ನೆರಡು ಬೀಗ, ಹನ್ನೆರಡು ಕೀಲಿ. ಒಂದೂ ನನ್ನದಲ್ಲ.

ಸೋಮವಾರ, 8 ಸೆಪ್ಟೆಂಬರ್

ಕ್ಷಮಾವಣಿ. ಪ್ರತಿ ವರ್ಷ ಬೆಳಗ್ಗೆ ಎದ್ದು ಒಂದೇ ಸಂದೇಶವನ್ನು ಎಲ್ಲ ನೆಂಟರಿಗೂ ಕಳಿಸಿಬಿಡುತ್ತೇನೆ: ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ. ಈ ಸಲ ಕಳಿಸಲಿಲ್ಲ, ಮರೆತೇಹೋಯಿತು.

ಹತ್ತು ಗಂಟೆಗೆ ನಿಪ್ಪಾಣಿಯಿಂದ ಫೋನು. ಗುತ್ತಿಗೆ ಒಂದು ವರ್ಷ ಮುಂದುವರಿದಿದೆ. ಮೂರು ತಿಂಗಳಿಗೊಮ್ಮೆ ಅವರ ಕಡೆಯವರು ಬಂದು ನಮ್ಮ ಹೆಣ್ಣುಮಕ್ಕಳೊಂದಿಗೆ ನಾನಿಲ್ಲದಾಗ ಮಾತಾಡುತ್ತಾರಂತೆ. ಬರಲಿ. ಸಕ್ಕುಬಾಯಿಯವರಿಗೆ ಹೇಳಿದರೆ, "ನಿಮ್ಮ ಬಗ್ಗೆ ಹೇಳಾಕ ಭಾಳ ಐತ್ರಿ ನನ್ನ ಹತ್ತರ, ಅವರಿಗೆ ದೊಡ್ಡ ವಹಿ ತರಾಕ ಹೇಳ್ರಿ," ಎಂದರು.

ಮಧ್ಯಾಹ್ನ ಉಜ್ವಲಾ ತಾಯಿಯನ್ನು ಕರೆದುಕೊಂಡು ಬಂದಳು. ಸಾರಿಕಾ ಅವರನ್ನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿದೆ. ಎರಡೂ ಕೈ ಜೋಡಿಸಿ, ನೀರು ಸೋಸಲು ಹೇಳಿದ ಚಿಕ್ಕೋಡಿಯ ಬಾಯಾರು ನಾನೇ ಎಂದೆ. ಮೂರು ವರ್ಷದ ಹಿಂದೆ ಬಂದಾಗ ನೀರು ನೋಡಿದೆ, ನಿಮ್ಮನ್ನು ನೋಡಲಿಲ್ಲ, ಕ್ಷಮಿಸಬೇಕು ಎಂದೆ.

ಅವರು ಮಗಳ ಕಡೆ ನೋಡಿದರು.

"ಅದೆಲ್ಲ ಈಗ ನನಗ ಹೇಳಾಕ ಬರಂಗಿಲ್ರಿ. ಚಹಾ ಮಾಡ್ರಿ, ಕುಡೀತೇನಿ."

ಚಹಾ ಮಾಡಿದೆ. ಶುಂಠಿ ಹಾಕಿದೆ. ಕುಡಿಯುವಾಗ ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ. ಆಸ್ಪತ್ರೆಯಲ್ಲಿ ಇನ್ನೊಬ್ಬರು ಬೇಕಾಗಿದ್ದಾರೆ, ಮಗಳ ಜೊತೆಗೇ ಎರಡನೇ ಮಹಡಿ, ನಾಳೆಯಿಂದಲೇ ಬರಬಹುದು.

"ಇಲ್ರಿ ಬಾಯಾರ," ಎಂದರು ಸಾರಿಕಾ ಅವರು. "ನಾ ಬರಂಗಿಲ್ಲ."

ಉಜ್ವಲಾ ಗಾಬರಿಯಾಗಿ ತಾಯಿಯ ಮೊಣಕೈ ಮುಟ್ಟಿದಳು.

"ಫಿನೈಲ್ ವಾಸನಿ ಸಾಕಾಗೇತ್ರಿ. ಮೊದಲ ಮಂಗಸೂಳಿಗೆ ಹೋಗಿ ಮಲ್ಲಯ್ಯ ದೇವರಿಗೆ ಅರಿಶಿಣ ಭಂಡಾರ ಏರಿಸಿ ಬರ್ತೇನಿ. ಆಮ್ಯಾಲ ಏನ ಮಾಡಬೇಕು ಅನ್ನೂದನ್ನ ನಾ ನೋಡ್ಕೊಂತೇನಿ."

ಒಂದು ಗಳಿಗೆ ಮುಖಕ್ಕೆ ಹೊಡೆದಂತಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನನಗೇ ತಿಳಿಯದಂತೆ ನಗು ಬಂತು. ಅವರೂ ನಕ್ಕರು. ಉಜ್ವಲಾ ಇಬ್ಬರನ್ನೂ ನೋಡಿದಳು.

"ಸರಿರಿ," ಎಂದೆ. "ಇನ್ನೊಂದು ಕಪ್ಪು?"

"ಹಾಕ್ರಿ."

ನಾಲ್ಕಕ್ಕೆ ಹೊರಟರು. ಬಾಗಿಲವರೆಗೆ ಕಳಿಸಲು ಎದ್ದೆ, ಕಪ್ಪು ಬಸಿ ಒಳಗಿಟ್ಟು ಬರುವಷ್ಟರಲ್ಲಿ ತಡವಾಗಿತ್ತು. ನಾನು ಅಂಗಳಕ್ಕೆ ಬರುವುದರೊಳಗೆ ಸಾರಿಕಾ ಅವರು ಗೇಟಿನ ಚಿಲಕ ತಾವೇ ತೆಗೆದು ರಸ್ತೆಗೆ ಇಳಿದಿದ್ದರು.